ನೂರನೆಯ ಅಫಿಡವಿಟ್ಟು

ನಾನು ಅಫಿಡವಿಟ್ಟು ಬರೆದುಕೊಡುವವನು. ಹೆಸರು ಉಳವಪ್ಪ. ಹಳಿಯಾಳ, ಮುಂಡಗೋಡ ಎಂದು ಓಡಾಡುವವರು ನನ್ನ ಡಬ್ಬಿ ಅಂಗಡಿಯನ್ನು ನೋಡಿಯೇ ಇರುತ್ತೀರಿ. ಒಂದು ಸರ್ಕಾರಿ ಕಚೇರಿಯ ಗೇಟಿನ ಎದುರು, ಚಹಾದ ಗಾಡಿಯ ಮಗ್ಗುಲಲ್ಲಿದೆ. ಯಾವ ಕಚೇರಿ ಎಂದು ಮಾತ್ರ ಕೇಳಬೇಡಿ. ಇಪ್ಪತ್ತಾರು ವರ್ಷ ಅದರ ಮುಂದೆ ಕೂತು ಅನ್ನ ತಿಂದವನು, ಹೆಸರು ಹೇಳಿ ನಾಳೆ ಯಾವ ಮುಖ ಹೊತ್ತು ಹೋಗಲಿ?

ಮೊದಲು ಟೈಪ್‌ರೈಟರ್ ಇತ್ತು, ಈಗ ಕಂಪ್ಯೂಟರ್ ಇದೆ. ಬದಲಾಗದೆ ಉಳಿದದ್ದು ಕೊನೆಯ ಸಾಲೊಂದೇ: ‘ಮೇಲೆ ಹೇಳಿದ ಸಂಗತಿಗಳೆಲ್ಲ ನನ್ನ ತಿಳುವಳಿಕೆಯ ಮಟ್ಟಿಗೆ ಸತ್ಯವೆಂದು ಪ್ರಮಾಣ ಮಾಡುತ್ತೇನೆ.’ ಈ ಸಾಲನ್ನು ಎಷ್ಟು ಸಾವಿರ ಸಲ ಹೊಡೆದಿದ್ದೇನೋ ದೇವರಿಗೇ ಗೊತ್ತು. ಅದರ ಮೇಲಿರುವುದು ಸತ್ಯವೋ ಅಲ್ಲವೋ ಎಂದು ಒಮ್ಮೆಯೂ ವಿಚಾರಿಸಿದವನಲ್ಲ. ಬೇರೆ ರೇಷನ್ ಕಾರ್ಡಿಗಾಗಿ ‘ನಾವು ಬೇರೆಯಾಗಿದ್ದೇವೆ’ ಎಂದು ಪ್ರಮಾಣ ಮಾಡಿದ ಅಣ್ಣತಮ್ಮಂದಿರು ಒಂದೇ ಮೋಟರ್‌ಸೈಕಲ್ ಹತ್ತಿ ಒಂದೇ ಮನೆಗೆ ಊಟಕ್ಕೆ ಹೋಗುತ್ತಾರೆ. ಹೋಗಲಿ ಬಿಡಿ. ಸುಳ್ಳು ಅವರದು, ಕಾಗದವಷ್ಟೇ ನನ್ನದು ಎಂದು ನಾನು ಹಾಯಾಗಿದ್ದೆ.

ಅಂಗಡಿಯ ಗೋಡೆಯ ಮೇಲೆ ಒಂದು ಗಡಿಯಾರ ಇತ್ತು. ಹಿಂದಿನ ಚುನಾವಣೆಯಲ್ಲಿ ಒಂದು ಪಕ್ಷದವರು ಹಂಚಿದ್ದು. ನಟ್ಟನಡುವೆ ಅವರ ಮುಖಂಡರ ನಗುಮುಖ, ಮುಳ್ಳುಗಳು ಅವರ ಮೂಗಿನಿಂದಲೇ ಹೊರಡುತ್ತವೆ. ವೇಳೆ ಸರಿಯಾಗಿ ತೋರಿಸುತ್ತಿತ್ತು, ಅದಕ್ಕೆ ಇಟ್ಟುಕೊಂಡಿದ್ದೆ.

ಒಂದು ದಿನ ಆ ಗಡಿಯಾರದಲ್ಲಿ ಹತ್ತೂವರೆ ಆದಾಗ ದಾಂಡೇಲಿಯ ಗೂಳಪ್ಪ ಒಂದು ಫೈಲು ಕಂಕುಳಲ್ಲಿ ಇಟ್ಟುಕೊಂಡು ಬಂದ. ಗೂಳಪ್ಪ ಕಾಗದದ ಮಿಲ್ಲಿನಲ್ಲಿ ಟೈಮ್‌ಕೀಪರ್ ಆಗಿ ನಿವೃತ್ತನಾದವನು. ಸವದತ್ತಿ ಕಡೆಯಿಂದ ಬಂದು ಮೂವತ್ತೈದು ವರ್ಷ ದಾಂಡೇಲಿಯಲ್ಲೇ ಕಳೆದ. ಅಷ್ಟರಲ್ಲಿ ಮೂರು ಯೂನಿಯನ್‌ಗಳಲ್ಲಿದ್ದ. ಮೂರೂ ಒಡೆದವು. ಒಡೆದಾಗಲೆಲ್ಲ ಇವನು ಯಾವ ಹೋಳಿಗೆ ಹೋದನೋ ಅಲ್ಲಿ ಜಂಟಿ ಕಾರ್ಯದರ್ಶಿಯಾದ. ಅಧ್ಯಕ್ಷ ಎನ್ನುವ ಮಾತು ಅವನ ಹೆಸರಿನ ಹಿಂದೆ ಒಂದು ದಿನವೂ ಕೂರಲಿಲ್ಲ. ಆ ಉರಿ ಅವನ ಹೊಟ್ಟೆಯಲ್ಲಿತ್ತು.

‘ಉಳವಪ್ಪಣ್ಣ, ಪಕ್ಷ ಕಟ್ಟೇನಿ’ ಎಂದ.

‘ಯಾವ ಪಕ್ಷರೀ? ಪಿತೃಪಕ್ಷ ಇನ್ನೂ ದೂರ ಐತಲ್ಲ.’

‘ಚೇಷ್ಟಿ ಸಾಕ. ರಾಜಕೀಯ ಪಕ್ಷ. ದಿಲ್ಲಿಗೆ ಅರ್ಜಿ ಹಾಕಿ ನೋಂದಣಿ ಮಾಡಸೂದೈತಿ. ಹೆಸರು ಬರ್ಕೋ: ಅಖಿಲ ಭಾರತ ಸಮಗ್ರ ಶ್ರಮಜೀವಿ ಜನಹಿತ ಪಕ್ಷ.’

ಫೈಲಿನಲ್ಲಿ ಮೂವತ್ತೆರಡು ಪುಟಗಳ ಸಂವಿಧಾನ ಇತ್ತು, ಪಕ್ಷದ್ದು. ಮೂರು ಯೂನಿಯನ್‌ಗಳ ನಿಯಮಾವಳಿಗಳನ್ನು ಕೂಡಿಸಿ ಬರೆದದ್ದು. ‘ಕಾರ್ಖಾನೆಯ ಆವರಣದಲ್ಲಿ ಎಲೆಅಡಿಕೆ ಉಗುಳತಕ್ಕದ್ದಲ್ಲ’ ಎನ್ನುವುದೂ ಪಕ್ಷದ ಧ್ಯೇಯಗಳಲ್ಲಿ ಸೇರಿಹೋಗಿತ್ತು. ವಿದೇಶಾಂಗ ನೀತಿಗೆ ಒಂದೂವರೆ ಪುಟ ಕೊಟ್ಟಿದ್ದ. ನೆರೆರಾಷ್ಟ್ರಗಳ ಜೊತೆ ಸ್ನೇಹದಿಂದ ಇರಬೇಕು, ಆದರೆ ಎಚ್ಚರ ತಪ್ಪಬಾರದು ಎಂದು ಅದರ ಸಾರ. ಹೆಂಡತಿಯ ಬಗ್ಗೆಯೂ ಅವನು ಇದೇ ನೀತಿಯನ್ನು ಪಾಲಿಸುತ್ತಿದ್ದ ಎಂದು ಕಾಣುತ್ತದೆ, ಏಕೆಂದರೆ ಆಕೆ, ಯಲ್ಲವ್ವ, ಪಕ್ಷಕ್ಕೆ ಸೇರಲು ಒಪ್ಪಿರಲಿಲ್ಲ. ‘ಮೂವತ್ತು ವರ್ಷ ನಿಮ್ಮ ಭಾಷಣ ಪುಕ್ಕಟೆ ಕೇಳೇನಿ, ಇನ್ನ ಸದಸ್ಯತ್ವ ಬ್ಯಾರೆ?’ ಎಂದಿದ್ದಳಂತೆ.

ನೋಂದಣಿಗೆ ನೂರು ಜನ ಬೇಕು. ನೂರೂ ಜನ ಮತದಾರರಾಗಿರಬೇಕು, ಮತ್ತು ಬೇರೆ ಯಾವ ಪಕ್ಷದ ಸದಸ್ಯರೂ ಅಲ್ಲ ಎಂದು ಒಬ್ಬೊಬ್ಬರೂ ಬೇರೆ ಬೇರೆ ಅಫಿಡವಿಟ್ಟು ಕೊಡಬೇಕು. ಈ ಮಾತು ಕೇಳಿ ನನಗೆ ಖುಷಿಯಾಯಿತು. ನೂರು ಅಫಿಡವಿಟ್ಟು ಎಂದರೆ ನನಗೆ ದೀಪಾವಳಿ.

‘ನೂರು ಮಂದಿ ಎಲ್ಲಿಂದ ತರ್ತೀರಿ?’

‘ಕೆಂಪುಕೆರೆ ತಾಂಡಾ. ಅಲ್ಲಿ ಮತದಾರರು ತೊಂಬತ್ತೊಂಬತ್ತು. ನಾನೊಬ್ಬ. ದೇವರ ಲೆಕ್ಕ ಹಾಕಿ ಇಟ್ಟಾನ ನೋಡು.’

ತಾಂಡಾದ ಜನ ಮಿಲ್ಲಿನ ಅಂಗಳದಲ್ಲಿ ಲಾರಿಯಿಂದ ಬಿದಿರು, ನೀಲಗಿರಿ ಇಳಿಸುವ ಕೆಲಸಕ್ಕೆ ಬರುತ್ತಿದ್ದ ಕಾಲದಿಂದ ಗೂಳಪ್ಪನಿಗೆ ಗೊತ್ತು. ಅವರ ಹಾಜರಿ ಹಿಡಿಯುತ್ತಿದ್ದವನು ಇವನೇ. ಯಾರದೂ ಅರ್ಧ ದಿನ ಮುರಿಯಲಿಲ್ಲ ಎಂದು ಅವರಿಗೆ ಇವನ ಮೇಲೆ ಪ್ರೀತಿ. ತಾಂಡಾದ ನಾಯಕ ಖೇಮಪ್ಪ ‘ಆತು’ ಎಂದರೆ ಇಡೀ ತಾಂಡಾ ‘ಆತು’ ಎಂದ ಹಾಗೆ.

ಸ್ಥಾಪನಾ ಸಭೆ ಮೌಳಂಗಿಯ ಪಾರ್ಕಿನಲ್ಲಿ ನಡೆಯಿತು, ಬಾಡಿಗೆಗೆ ಹಾಲ್ ಹಿಡಿಯುವ ಉಮೇದು ಗೂಳಪ್ಪನಿಗೆ ಇರಲಿಲ್ಲ. ಹೊಳೆದಂಡೆಯ ಬೆಂಚಿನ ಮೇಲೆ ಗೂಳಪ್ಪ, ಖೇಮಪ್ಪ, ಖೇಮಪ್ಪನ ತಂಗಿ ನಾನಿಬಾಯಿ, ಮತ್ತು ನಡಾವಳಿ ಬರೆಯಲು ನಾನು. ಖೇಮಪ್ಪನಿಗೆ ಎಂಬತ್ತರ ಹತ್ತಿರ ವಯಸ್ಸು, ದಮ್ಮಿನ ರೋಗ. ಎರಡು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ. ನಾನಿಬಾಯಿ ಗಂಡ ತೀರಿದ ಮೇಲೆ ತವರಿನ ತಾಂಡಾಕ್ಕೇ ಬಂದು ನೆಲೆಸಿದವಳು. ಅಣ್ಣ ಮಾತಾಡುವಾಗ ಅವನ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದಳು. ಹೊಳೆಯಲ್ಲಿ ರಬ್ಬರ್ ದೋಣಿಯ ಪ್ರವಾಸಿಗರು ಹೋ ಎಂದು ಕಿರುಚುತ್ತ ಹೋದಾಗ ಗೂಳಪ್ಪ ಭಾಷಣ ನಿಲ್ಲಿಸುತ್ತಿದ್ದ, ಅವರು ದಾಟಿದ ಮೇಲೆ ಬಿಟ್ಟಲ್ಲಿಂದ ಶುರು ಮಾಡುತ್ತಿದ್ದ. ಧ್ಯೇಯಗಳನ್ನು ಓದಿ ಮುಗಿಸಲು ಒಂದು ತಾಸು ಹಿಡಿಯಿತು.

ನಾನಿಬಾಯಿ ಕೇಳಿದಳು: ‘ಗೂಳಪ್ಪಣ್ಣ, ಎಲ್ಲಾ ಛಲೋ ಐತಿ. ಇದ್ರಾಗ ಮಸಣ ಎಲ್ಲೈತಿ?’

ಗೂಳಪ್ಪ ಹಾಳೆ ತಿರುವಿದ. ಮಸಣ ಇರಲಿಲ್ಲ.

ಕೆಂಪುಕೆರೆ ತಾಂಡಾಕ್ಕೆ ಮಸಣವಿಲ್ಲ. ಹಿಂದಿನವರು ಹಳ್ಳದ ದಂಡೆಯ ಒಂದು ಹೊಲದಂಚಿನಲ್ಲಿ ಮಣ್ಣು ಮಾಡುತ್ತಿದ್ದರು. ಹೊಲದವನು ಒಳ್ಳೆಯವನು, ಸುಮ್ಮನಿದ್ದ. ಅವನು ಹೋದ, ಹೊಲ ಮಾರಾಟವಾಯಿತು, ಕೊಂಡವರು ತಂತಿಬೇಲಿ ಹಾಕಿ ಒಳಗೆ ಹೋಮ್‌ಸ್ಟೇ ಕಟ್ಟಿದರು. ಈಗ ಖೇಮಪ್ಪನ ತಾಯಿತಂದೆ ಮಲಗಿರುವ ಜಾಗದ ಮೇಲೆ ಪ್ರವಾಸಿಗರು ಬ್ಯಾಡ್ಮಿಂಟನ್ ಆಡುತ್ತಾರೆ. ಹೋದ ವರ್ಷ ಸತ್ತವನೊಬ್ಬನನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ತೇರಗಾಂವದ ಆಚೆಯವರೆಗೆ ಅಲೆದು, ಪರವೂರಿನ ಹಿರಿಯರ ಕಾಲು ಹಿಡಿದು ಮಣ್ಣು ಮಾಡಿ ಬಂದಿದ್ದರು. ಇಪ್ಪತ್ತೆರಡು ವರ್ಷದಿಂದ ಅರ್ಜಿ ಕೊಡುತ್ತಿದ್ದಾರೆ. ಅವುಗಳಲ್ಲಿ ಎಷ್ಟೋ ಅರ್ಜಿಗಳನ್ನು ನಾನೇ ಟೈಪ್ ಮಾಡಿದ್ದೇನೆ. ನಾನಿಬಾಯಿಗೆ ಬೇಕಾದದ್ದು ಒಂದೇ. ಅಣ್ಣನ ಉಸಿರು ನಿಲ್ಲುವುದರೊಳಗೆ ಅವನಿಗೊಂದು ಜಾಗ ಆಗಬೇಕು.

‘ಹಾಕೂಣು. ನಲವತ್ತೆರಡನೇ ಧ್ಯೇಯ, ಮಸಣ’ ಎಂದ ಗೂಳಪ್ಪ.

‘ಮೊದಲನೇದ್ದು ಮಾಡ್ರಿ.’

‘ಅಕ್ಕಾರ, ಅಖಿಲ ಭಾರತ ಪಕ್ಷ. ಮೊದಲನೇ ಧ್ಯೇಯಾನ ಮಸಣ ಅಂದ್ರ ಮಂದಿ ನಗ್ತಾರ.’

ಖೇಮಪ್ಪ ಉಸಿರು ಎಳೆದುಕೊಂಡು ಹೇಳಿದ: ‘ನಕ್ಕೋಂತನ ಬರ್ಲೇಳ್ರಿ. ಅಖಿಲ ಭಾರತಕ್ಕೂ ಅದು ಬೇಕಾ ಆಗತೈತಿ.’

ನಾನು ನಡಾವಳಿಯಲ್ಲಿ ‘ಸರ್ವಾನುಮತದಿಂದ’ ಎಂದು ಬರೆದೆ.

ಮುಂದಿನ ಸೋಮವಾರ ಟ್ರ್ಯಾಕ್ಟರಿನಲ್ಲಿ ತಾಂಡಾದವರು ಬಂದಿಳಿದರು. ನಾನು ಹಿಂದಿನ ದಿನವೇ ಕೂತು ನೂರು ಪ್ರತಿ ತೆಗೆದಿಟ್ಟಿದ್ದೆ. ಹೆಸರು ಒಂದು ಬದಲು, ಉಳಿದದ್ದೆಲ್ಲ ಒಂದೇ. ಇಂಕ್ ಪ್ಯಾಡ್ ಹಸಿ ಮಾಡಿ, ‘ಬರ್ರಿ, ಒಬ್ಬೊಬ್ಬರ ಬಂದು ಹೆಬ್ಬೆಟ್ಟ ಒತ್ರಿ’ ಎಂದೆ. ಊಟದ ಹೊತ್ತಿಗೆ ಮುಗಿಯುವ ಕೆಲಸ.

ಖೇಮಪ್ಪನದು ಮೊದಲನೆಯ ಅಫಿಡವಿಟ್ಟು. ಅವನು ಒತ್ತಲು ಬಗ್ಗಿದಾಗ ನಾನಿಬಾಯಿ ತಡೆದಳು. ‘ಓದಿ ಹೇಳ್ರಿ.’

ಇಪ್ಪತ್ತಾರು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ನನಗೆ ಸ್ವಲ್ಪ ಸಿಟ್ಟೇ ಬಂತು. ಆದರೂ ಓದಿದೆ. ‘ನಾನು ಬೇರೆ ಯಾವ ರಾಜಕೀಯ ಪಕ್ಷಕ್ಕೂ ಸೇರಿದವನಲ್ಲವೆಂದು’ ಎನ್ನುವಲ್ಲಿಗೆ ಬಂದಾಗ ಖೇಮಪ್ಪ ಕೈ ಹಿಂದೆ ತೆಗೆದ.

‘ಇದು ಆಣಿ ಏನ್ರೀ?’

‘ಹೌದು. ಪ್ರಮಾಣ ಅಂದ್ರ ಆಣಿನ. ಆದ್ರ ಸುಮ್ನ ಕಾಗದದ ಮ್ಯಾಗಿಂದು. ಒತ್ರಿ.’

‘ಕಾಗದದ ಮ್ಯಾಗಿನ ಆಣಿ ಬ್ಯಾರೆ ಇರ್ತೈತೇನ? ನಾವು ಕುಕ್ಕರ್ ತಗೊಂಡೀವಿ. ಸೀರಿ ತಗೊಂಡೀವಿ. ಅವರ ಊಟಾ ಉಂಡೀವಿ. ಅವರು ಪುಸ್ತಕದಾಗ ಹೆಸರು ಬರ್ಕೊಂಡಾರ. ಅವನ್ನೆಲ್ಲಾ ಮನಿಯಾಗ ಇಟ್ಕೊಂಡು ಯಾರಿಗೂ ಸೇರಿದಾವ ಅಲ್ಲ ಅಂತ ಹೆಂಗ ಆಣಿ ಮಾಡ್ಲಿ?’

ಗೂಳಪ್ಪ ತಲೆ ಚಚ್ಚಿಕೊಂಡ. ಎಲ್ಲರೂ ಹೀಗೇ ಮಾಡುತ್ತಾರೆ, ಯಾರೂ ನೋಡುವುದಿಲ್ಲ ಎಂದು ನಾನೂ ಹೇಳಿದೆ. ಹೇಳುವಾಗ ನನ್ನ ದನಿಯಲ್ಲಿ ಅನುಭವಸ್ಥನ ಗತ್ತಿತ್ತು. ಖೇಮಪ್ಪ ಕೇಳಿಸಿಕೊಂಡ, ಆಮೇಲೆ ತಿರುಗಿ ತಾಂಡಾದವರ ಜೊತೆ ಅವರ ಮಾತಿನಲ್ಲಿ ಏನೋ ಹೇಳಿದ. ಹುಣಸೆಮರದ ಕೆಳಗೆ ಎಲ್ಲರೂ ಸುತ್ತಲೂ ಕೂತರು. ಸ್ವಲ್ಪ ಹೊತ್ತಿಗೆ ನಾಯಕನ ತೀರ್ಪು ಹೊರಬಿತ್ತು. ಯಾವ ಪಕ್ಷದವರು ಏನೇನು ಕೊಟ್ಟಿದ್ದಾರೋ ಅದನ್ನು ಅವರಿಗೇ ತಿರುಗಿ ಕೊಡುವುದು. ಆಮೇಲೆ ಹೆಬ್ಬೆಟ್ಟು. ಉಂಡ ಊಟ ತಿರುಗಿ ಕೊಡಲಾಗುವುದಿಲ್ಲ, ಅದಕ್ಕಾಗಿ ಇಡೀ ತಾಂಡಾ ಒಂದು ದಿನ ಉಪವಾಸ.

‘ನೀವು ಉಪವಾಸ ಮಾಡಬ್ಯಾಡ್ರಿ ನಾಯಕ, ನಿಮ್ಮ ದಮ್ಮಿಗೆ ಆಗೂದಿಲ್ಲ’ ಎಂದೆ.

‘ಎಲ್ಲಾರಿಗಿಂತ ಹೆಚ್ಚ ಉಂಡಾವ ನಾನ’ ಎಂದು ನಕ್ಕ.

ಎರಡು ದಿನ ಬಿಟ್ಟು ಟ್ರ್ಯಾಕ್ಟರ್ ಮತ್ತೆ ಬಂತು. ತುಂಬ ಕುಕ್ಕರುಗಳು. ಪ್ರತಿಯೊಂದರ ಹೊಟ್ಟೆಯ ಮೇಲೆ ಕೈಮುಗಿದು ನಿಂತ ಮುಖಂಡರೊಬ್ಬರ ಫೋಟೋ. ಇನ್ನೊಂದು ಪಕ್ಷದ ಗಡಿಯಾರಗಳು, ಅವುಗಳ ಮೇಲೆ ನನ್ನ ಗೋಡೆಯ ಮೇಲಿದ್ದ ನಗುಮುಖವೇ. ಸೀರೆಗಳಲ್ಲಿ ಹೊಸದಾಗಿ ಉಳಿದದ್ದು ನಾಲ್ಕೋ ಐದೋ, ಉಳಿದವು ಚಿಂದಿ. ನಾನಿಬಾಯಿಯ ಸೀರೆ ಕೌದಿಯಲ್ಲಿ ಸೇರಿಹೋಗಿತ್ತು. ಹೊಲಿಗೆ ಬಿಚ್ಚಿ ಆ ತುಂಡುಗಳನ್ನಷ್ಟೇ ತೆಗೆದು, ತೊಳೆದು, ಮಡಚಿ ತಂದಿದ್ದಳು. ಅದನ್ನು ನೋಡಿ ನಗು ಬಂತು, ನಗಲು ಆಗಲಿಲ್ಲ.

ತಿರುಗಿ ಕೊಡುವುದು ಯಾರಿಗೆ? ಹಂಚಿದವನು ಮಹಾಬಳೇಶ್ವರ, ಪಾಳಾ ಕಡೆಯವನು. ಹಿಂದಿನ ಚುನಾವಣೆಯಲ್ಲಿ ಒಂದು ಪಕ್ಷದ ಪರವಾಗಿ ಸೀರೆ, ಗಡಿಯಾರ ಹಂಚಿದ್ದ, ಅದಕ್ಕೂ ಹಿಂದಿನದರಲ್ಲಿ ಇನ್ನೊಂದು ಪಕ್ಷದ ಪರವಾಗಿ ಕುಕ್ಕರು. ನನ್ನ ಗಡಿಯಾರವನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿ ಹೋದವನೂ ಅವನೇ. ಫೋನು ಮಾಡಿ ಕರೆಸಿದೆವು. ಬಿಳಿ ಅಂಗಿ ತೊಟ್ಟು ಬಂದವನು ಟ್ರ್ಯಾಕ್ಟರ್ ನೋಡಿ ದೂರವೇ ನಿಂತ.

‘ಇವು ನಿಮ್ಮವು. ತಗೊಂಡ ಹೋಗ್ರಿ’ ಎಂದಳು ನಾನಿಬಾಯಿ.

‘ನಮ್ಮವಾ? ಯಾರ ಹೇಳ್ಯಾರ? ನಮ್ಮ ಪಕ್ಷದಿಂದ ಯಾರಿಗೂ ಏನೂ ಕೊಟ್ಟಿಲ್ಲ. ಕೊಡೂದು ಕಾಯ್ದಾಕ್ಕ ವಿರುದ್ಧ ಐತಿ.’

‘ಅಲ್ರೀ, ನೀವ ಅಲ್ಲ ಬಂದು ಕೈಯಾಗ ಇಟ್ಟಾವ್ರು?’

‘ನಾ ಬಂದಿದ್ದೆ. ಕುಶಲ ಕೇಳಾಕ.’

ಎರಡು ಪಕ್ಷಗಳ ಪರವಾಗಿಯೂ ಅವನೊಬ್ಬನೇ ಇಲ್ಲವೆಂದದ್ದರಿಂದ ಕೆಲಸ ಬೇಗ ಮುಗಿಯಿತು. ತಾಂಡಾದವರು ಮಾತ್ರ ತಂದದ್ದನ್ನು ಮತ್ತೆ ಮನೆಗೆ ಒಯ್ಯುವುದಿಲ್ಲ ಎಂದು ಹಟ ಹಿಡಿದರು. ಕೊನೆಗೆ ಎಲ್ಲವನ್ನೂ ನನ್ನ ಅಂಗಡಿಯ ಮುಂದೆ, ಕಚೇರಿಯ ಗೇಟಿನ ಎದುರಿಗೇ ಸಾಲಾಗಿ ಇಟ್ಟು ಹೋದರು. ಯಾರದೋ ಅವರು ಬಂದು ಒಯ್ಯಲಿ ಎಂದು.

ಮೂರು ದಿನ ನನ್ನ ಅಂಗಡಿ ಜಾತ್ರೆಯಾಯಿತು. ಕಚೇರಿಗೆ ಬಂದವರೆಲ್ಲ ಕೈಮುಗಿದ ಫೋಟೋಗಳ ಸಾಲು ನೋಡಿ ನಿಂತರು. ಮೊಬೈಲಿನಲ್ಲಿ ಹಿಡಿದರು, ಕಳಿಸಿದರು. ಜೋಯಿಡಾದಿಂದ ಬಂದವನೊಬ್ಬ ಕುಕ್ಕರು ಮಾರಾಟಕ್ಕಿವೆ ಎಂದುಕೊಂಡು ಬೆಲೆ ಕೇಳಿದ. ನಲವತ್ತೆರಡು ಧ್ಯೇಯಗಳನ್ನು ಬರೆದಾಗ ಯಾರೂ ತಿರುಗಿ ನೋಡದಿದ್ದ ಪಕ್ಷವನ್ನು ಈಗ ಎಲ್ಲರೂ ‘ಕುಕ್ಕರ್ ಪಾರ್ಟಿ’ ಎಂದು ಕರೆಯತೊಡಗಿದರು. ಗೂಳಪ್ಪನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ‘ಅಖಿಲ ಭಾರತ ಅನ್ನೂದನ್ನ ಯಾರೂ ಅನವಲ್ರು’ ಎಂದು ಮುಖ ಸಣ್ಣ ಮಾಡಿಕೊಂಡ.

ನಾಲ್ಕನೆಯ ದಿನ ಮಹಾಬಳೇಶ್ವರ ಸೀದಾ ತಾಂಡಾಕ್ಕೆ ಹೋದ. ಮಧ್ಯಸ್ಥಿಕೆಗೆ ನನ್ನನ್ನೂ ಗೂಳಪ್ಪನನ್ನೂ ಕಾರಿನಲ್ಲಿ ಕೂರಿಸಿಕೊಂಡಿದ್ದ. ಉಪವಾಸ ಮುಗಿದು ಖೇಮಪ್ಪ ಮಲಗಿಬಿಟ್ಟಿದ್ದ. ಎಬ್ಬಿಸಿ ಕಂಬಕ್ಕೆ ಒರಗಿಸಿ ಕೂರಿಸಿದರು.

‘ನಾಯಕ, ನಿಮಗ ಮಸಣ ಅಲ್ಲೇನು ಬೇಕಾಗಿದ್ದು? ಇಷ್ಟ ಸಣ್ಣ ಮಾತು ನನಗ ಯಾಕ ಹೇಳ್ಲಿಲ್ಲ? ಮ್ಯಾಲಿನವರ ಕೂಡ ಮಾತಾಡೇನಿ. ನೀವು ಆ ಭಾಂಡಿ ಎಲ್ಲಾ ಮನಿಗೆ ಒಯ್ರಿ, ಪಕ್ಷ ಗಿಕ್ಷ ಬಿಡ್ರಿ. ವಾರದಾಗ ಸರ್ವೆ ಮಾಡಾಕ ಬರ್ತಾರ.’

ನಾನಿಬಾಯಿಯ ಮುಖ ಅರಳಿತು. ಇಪ್ಪತ್ತೆರಡು ವರ್ಷದ್ದು ಒಂದು ವಾರಕ್ಕೆ ಬಂದಿತ್ತು. ಒಪ್ಪಿಕೊಳ್ಳಿ ಎಂದು ನಾನೂ ಕಣ್ಣಿನಲ್ಲೇ ಸನ್ನೆ ಮಾಡಿದೆ. ಗೂಳಪ್ಪ ನೆಲ ನೋಡುತ್ತ ಕೂತಿದ್ದ. ಅವನ ಅಧ್ಯಕ್ಷಗಿರಿ ಹುಟ್ಟುವ ಮೊದಲೇ ಹೋಗುತ್ತಿತ್ತು, ಆದರೂ ಬೇಡ ಎನ್ನಲಿಲ್ಲ. ಆ ಮಟ್ಟಿಗೆ ದೊಡ್ಡ ಮನುಷ್ಯ.

ಖೇಮಪ್ಪ ಬಹಳ ಹೊತ್ತು ಉಸಿರು ಕೂಡಿಸಿಕೊಂಡ. ‘ಜಾಗ ಕೊಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಕುಕ್ಕರಿಗೆ ಕಟ್ಟಿ ಕೊಡಬ್ಯಾಡ್ರಿ. ಕುಕ್ಕರ್ ಒಯ್ದು ಜಾಗ ತಗೊಂಡ್ವಿ ಅಂದ್ರ ಜಾಗಾನೂ ನೀವು ಹಂಚಿದ್ದ ಆಗತೈತಿ. ನಾಳೆ ನಮ್ಮ ಹೆಣದ ಮ್ಯಾಲೂ ನಿಮ್ಮ ಫೋಟೋ ಹಚ್ಚತೀರಿ.’

‘ಹಂಗಾರ ಜಾಗ ಬ್ಯಾಡ?’

‘ಬೇಕು. ನಮ್ಮದ ಅಂತ ಬೇಕು.’

ಮಹಾಬಳೇಶ್ವರ ಅಂಗಿ ಕೊಡವಿಕೊಂಡು ಎದ್ದ. ಅವನು ಹೊರಗೆ ಹೋದಮೇಲೆ ನಾನಿಬಾಯಿ ಅಣ್ಣನ ಮುಂದೆ ಕೂತು ಅತ್ತಳು. ‘ಅಣ್ಣಾ, ಕೈಗೆ ಬಂದಿತ್ತಲ್ಲೋ. ನಾಳೆ ನಿನ್ನ ಎಲ್ಲಿ ಇಡ್ಲಿ ನಾ?’

‘ಆಗ ನಾ ಏನ್ ಕೇಳಾಕ ಬರ್ತೇನೇನ? ನೀ ಹುಡುಕು’ ಎಂದ ಖೇಮಪ್ಪ. ಆಮೇಲೆ ಅವಳ ತಲೆ ಸವರಿದ.

ನನಗೆ ಅವನ ಮೇಲೆ ಸಿಟ್ಟು ಬಂತು. ಸಾಯುವವನಿಗೆ ಇಷ್ಟು ಹಟ ಯಾಕೆ ಎನ್ನಿಸಿತು. ಹಿಂದಿರುಗುವಾಗ ಕಾರಿನಲ್ಲಿ ಜಾಗ ಸಿಗಲಿಲ್ಲ, ರಸ್ತೆಯವರೆಗೆ ನಾನು ಗೂಳಪ್ಪ ನಡೆದೇ ಬಂದೆವು. ದಾರಿಯಲ್ಲಿ ಗೂಳಪ್ಪ ಒಂದೇ ಮಾತು ಹೇಳಿದ: ‘ಮೂವತ್ತೆರಡು ಪುಟ ಬರದೆ ನಾ. ಅದರಾಗ ಇದು ಇರಲಿಲ್ಲ ನೋಡು.’

ಮರುದಿನ ಪೊಲೀಸರು ಬಂದರು. ರಸ್ತೆಗೆ ಅಡ್ಡಿಯಾಗಿದೆ ಎಂದು ಯಾರೋ ದೂರು ಕೊಟ್ಟಿದ್ದರು. ಹವಾಲ್ದಾರ ಶಿವಲಿಂಗ ನನ್ನ ಕುರ್ಚಿಯ ಮೇಲೆ ಕೂತು ಪಂಚನಾಮೆ ಬರೆದ. ಒಂದೊಂದೇ ಕುಕ್ಕರು ಎತ್ತಿ ನೋಡಿದ, ಮುಖಂಡರ ಹೆಸರು, ಫೋಟೋ ಎಲ್ಲ ನೋಡಿದ, ಮಹಾಬಳೇಶ್ವರನನ್ನು ಕರೆಸಿ ‘ನಮ್ಮವಲ್ಲ’ ಎಂದು ಎರಡೂ ಪಕ್ಷಗಳ ಪರವಾಗಿ ಸಹಿ ಮಾಡಿಸಿಕೊಂಡ. ಕೊನೆಗೆ ಬರೆದ: ‘ಸದರಿ ವಸ್ತುಗಳ ವಾರಸುದಾರರು ಪತ್ತೆಯಾಗಿರುವುದಿಲ್ಲ.’ ಸಾಕ್ಷಿಯ ಪಂಚನಾಗಿ ನಾನು ಸಹಿ ಹಾಕಿದೆ. ನನ್ನ ತಲೆಯ ಮೇಲೆ ಗೋಡೆಯಲ್ಲಿ ಆ ಗಡಿಯಾರ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಶಿವಲಿಂಗ ಅದನ್ನು ನೋಡಿ ವೇಳೆ ಬರೆದುಕೊಂಡ.

ಸಾಮಾನು ಠಾಣೆಗೆ ಹೋದವು. ನಾನಿಬಾಯಿಗೆ ಫೋನಿನಲ್ಲಿ ಹೇಳಿದಾಗ ಅವಳು ಎರಡು ಸಲ ಕೇಳಿದಳು. ‘ಕೊಟ್ಟೇ ಇಲ್ಲ ಅಂತ ಬರದ ಕೊಟ್ಟಾರ? ಸಹಿ ಮಾಡಿ? ಹಂಗಾರ ಅವರ ಪುಸ್ತಕದಾಗಿನ ನಮ್ಮ ಹೆಸರೂ ಸುಳ್ಳಾತು. ಅಣ್ಣಗ ಹೇಳ್ತೇನಿ. ಸೋಮವಾರ ಎಲ್ಲಾರೂ ಬಂದು ಹೆಬ್ಬೆಟ್ಟ ಒತ್ತತೇವಿ.’

ಸೋಮವಾರ ಇಂಕ್ ಪ್ಯಾಡ್ ಹಸಿ ಮಾಡಿಕೊಂಡು ಕೂತೆ. ಟ್ರ್ಯಾಕ್ಟರ್ ಬರಲಿಲ್ಲ. ಮೊದಲ ಬಸ್ಸಿನಿಂದ ನಾನಿಬಾಯಿ ಒಬ್ಬಳೇ ಇಳಿದಳು. ಬಂದು ಬೆಂಚಿನ ಮೇಲೆ ಕೂತಳು. ನಸುಕಿನಲ್ಲಿ ಖೇಮಪ್ಪ ತೀರಿಕೊಂಡಿದ್ದ.

‘ಅರ್ಜಿ ಬರೀರಿ. ನಮ್ಮಣ್ಣ ಸತ್ತಾನ, ಎಲ್ಲಿ ಇಡಬೇಕು ಅಂತ ಬರದ ಕೊಡ್ರಿ ಅಂತ’ ಎಂದಳು.

‘ಮತ್ತ?’

‘ಅಷ್ಟ.’

ಇಪ್ಪತ್ತಾರು ವರ್ಷದಲ್ಲಿ ಅಷ್ಟು ಸಣ್ಣ ಅರ್ಜಿ ಬರೆದಿರಲಿಲ್ಲ. ಆದರೂ ಮೂರು ಸಲ ತಪ್ಪು ಹೊಡೆದೆ. ಉಪವಾಸ ಬೇಡ ಎಂದು ಗಟ್ಟಿಯಾಗಿ ಹೇಳಬೇಕಿತ್ತು ಎಂದು ಸಂಕಟವಾಯಿತು. ಆವತ್ತು ಅವನು ಕೈ ಹಿಂದೆ ತೆಗೆದಾಗ ‘ಸುಮ್ನ ಕಾಗದದ ಮ್ಯಾಗಿಂದು, ಒತ್ರಿ’ ಎಂದವನು ನಾನೇ ಅಲ್ಲವೆ ಎಂದು ಇನ್ನೂ ಹೆಚ್ಚು ಸಂಕಟವಾಯಿತು.

ಅವಳು ಅರ್ಜಿ ಹಿಡಿದು ಗೇಟಿನೊಳಗೆ ಹೋದಳು. ಒಳಗೆ ಕೂಡಲೇ ಗುಲ್ಲೆದ್ದಿತು. ತಾಂಡಾದವರು ಹೆಣವನ್ನು ಟ್ರ್ಯಾಕ್ಟರಿನಲ್ಲಿ ತರುತ್ತಿದ್ದಾರೆ, ಕುಕ್ಕರು ಇಟ್ಟ ಜಾಗದಲ್ಲೇ ಇಡುತ್ತಾರೆ ಎಂದು ಕಚೇರಿಯ ಸಿಪಾಯಿ ಹೇಳಿದನಂತೆ. ಹಾಗೆಂದು ಯಾರೂ ಅವನಿಗೆ ಹೇಳಿರಲಿಲ್ಲ, ಅವನೇ ಊಹಿಸಿದ್ದು. ನಾನಿಬಾಯಿ ಅಲ್ಲಗಳೆಯಲೂ ಇಲ್ಲ, ಏಕೆಂದರೆ ಅವಳನ್ನು ಯಾರೂ ಕೇಳಲಿಲ್ಲ. ಸಾಹೇಬರು ಫೋನು ಮಾಡಿದರು, ಸಾಹೇಬರಿಗೆ ಫೋನು ಬಂತು. ಇಪ್ಪತ್ತೆರಡು ವರ್ಷ ಕಾಣದಿದ್ದ ಕಡತ ಸಿಕ್ಕಿತು, ಕಿಟಕಿಯ ಬಾಗಿಲು ಬಡಿಯದ ಹಾಗೆ ಅದನ್ನೇ ಒತ್ತಿಟ್ಟಿದ್ದರಂತೆ. ತಾಂಡಾದ ಮೂಡಣಕ್ಕೆ ಇಪ್ಪತ್ತು ಗುಂಟೆ ಸರ್ಕಾರಿ ಬೀಳು ಜಾಗ ಮೊದಲಿನಿಂದಲೂ ಬಿದ್ದುಕೊಂಡಿತ್ತು ಎನ್ನುವುದೂ ಆ ಕಡತದಲ್ಲೇ ಇತ್ತು. ಹನ್ನೆರಡಕ್ಕೆ ಸರ್ವೆಯವರು ಜೀಪು ಹತ್ತಿದರು. ನಾಲ್ಕು ಗಂಟೆಗೆ, ಅಳತೆಯ ಸರಪಳಿ ಇನ್ನೂ ನೆಲದ ಮೇಲೆ ಬಿದ್ದಿರುವಾಗಲೇ, ಖೇಮಪ್ಪನನ್ನು ಮಣ್ಣು ಮಾಡಿದೆವು. ಮುಷ್ಟಿ ಮಣ್ಣು ಹಾಕುವಾಗ ನಾನಿಬಾಯಿ ಸರಪಳಿಯನ್ನು ದಾಟಿ ಬಂದು, ‘ನಿನ್ನದ ಐತಿ, ಆರಾಮ ಮಲಕೋ’ ಎಂದಳು. ಗೂಳಪ್ಪ ಮಗುವಿನಂತೆ ಅತ್ತ.

ಹದಿನೈದು ದಿನದಲ್ಲಿ ಆ ಮಸಣಕ್ಕೆ ಎರಡು ಬೋರ್ಡು ಬಂದವು. ಪಡುವಣದ ಬೋರ್ಡಿನ ಪ್ರಕಾರ ಒಂದು ಪಕ್ಷದ ಪರಿಶ್ರಮದ ಫಲ, ಮೂಡಣದ ಬೋರ್ಡಿನ ಪ್ರಕಾರ ಇನ್ನೊಂದು ಪಕ್ಷದ ಕೊಡುಗೆ. ಎರಡನ್ನೂ ನೆಡಿಸಿದವನು ಮಹಾಬಳೇಶ್ವರ. ಗೂಳಪ್ಪ ಕಿತ್ತೊಗೆಯಲು ಹೊರಟಾಗ ನಾನಿಬಾಯಿ ಬೇಡವೆಂದಳು. ದನ ಒಳಗೆ ನುಗ್ಗದ ಹಾಗೆ ಆ ಕಂಬಗಳಿಗೆ ಮುಳ್ಳು ಕಟ್ಟಬಹುದು ಎಂದು ಅವಳ ವಿಚಾರ.

ದಿನಕರ್ಮ ಮುಗಿಸಿ ತಾಂಡಾದವರು ಬಂದರು. ಒಬ್ಬೊಬ್ಬರಿಗೂ ಓದಿ ಹೇಳಿದೆ. ಒಬ್ಬೊಬ್ಬರೂ ಪೂರ್ತಿ ಕೇಳಿಸಿಕೊಂಡು ಹೆಬ್ಬೆಟ್ಟು ಒತ್ತಿದರು, ಓದು ಬಲ್ಲವರು ಸಹಿ ಹಾಕಿದರು. ಸಂಜೆಯಾಯಿತು. ಆ ಕೊನೆಯ ಸಾಲನ್ನು ನಾನು ಅಷ್ಟು ಸಲ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕೊನೆಗೆ ಗೂಳಪ್ಪ ಸಹಿ ಮಾಡಿ, ಎಣಿಸಿ, ಫೈಲು ಮುಚ್ಚಿದ.

‘ತೊಂಬತ್ತೊಂಬತ್ತು’ ಎಂದ. ‘ನಾಯಕಂದು ಬರಂಗಿಲ್ಲಲ್ಲ.’

‘ಈಗ ಯಾಕ ಬೇಕ್ರಿ ಪಕ್ಷ? ಮೊದಲನೇ ಧ್ಯೇಯ ಮುಗದಾ ಹೋತಲ್ಲ’ ಎಂದೆ. ಕುಚೋದ್ಯಕ್ಕಲ್ಲ, ನಿಜವಾಗಿ ಕೇಳಿದೆ.

ಉತ್ತರ ಕೊಟ್ಟವಳು ನಾನಿಬಾಯಿ. ‘ನಮ್ಮ ತಾಂಡಾದ್ದು ಮುಗೀತು. ಆಚೆ ತಾಂಡಾದಾಗ ಇನ್ನೂ ಹೆಣ ಹೊತ್ಕೊಂಡು ತಿರಗ್ಯಾಡಾಕತ್ತಾರ. ಅವ್ರಿಗೂ ಯಾರರ ಸಾಯೂತನಕ ಕಾಯಬೇಕೇನ?’ ಆಮೇಲೆ ನನ್ನನ್ನು ನೋಡಿದಳು. ‘ಅಣ್ಣನ ಜಾಗಕ್ಕ ಒಬ್ಬರು ಬೇಕು. ನೀವು ಯಾವ ಪಕ್ಷಕ್ಕ ಸೇರಿದವ್ರು ಉಳವಪ್ಪಣ್ಣ?’

‘ನಾನಾ? ನಾ ಯಾರಿಗೂ ಸೇರಿದಾವ ಅಲ್ಲ’ ಎಂದೆ. ಎಂದವನೇ ಗಡಿಯಾರದ ಕಡೆಗೆ ನೋಡಿದೆ. ಅವಳೂ ನೋಡಿದಳು. ಏನೂ ಅನ್ನಲಿಲ್ಲ. ಅಂದಿದ್ದರೆ ಎರಡು ಮಾತು ಜಗಳ ಆಡಿ ಹಗುರಾಗುತ್ತಿದ್ದೆ.

ಎಲ್ಲರೂ ಹೋದ ಮೇಲೆ ಸ್ಟೂಲು ಹತ್ತಿ ಗಡಿಯಾರ ಇಳಿಸಿದೆ. ಗೋಡೆಯಲ್ಲಿ ದುಂಡಗೆ ಬೆಳ್ಳಗಿನ ಗುರುತು ಉಳಿಯಿತು. ಬಗಲಲ್ಲಿ ಇಟ್ಟುಕೊಂಡು ಠಾಣೆಗೆ ನಡೆದೆ. ಕುಕ್ಕರುಗಳನ್ನು ಠಾಣೆಯ ಹಿಂದಿನ ಪಡಸಾಲೆಯಲ್ಲಿ ಪೇರಿಸಿಟ್ಟಿದ್ದರು. ನಾನಿಬಾಯಿಯ ಕೌದಿಯ ತುಂಡುಗಳು ಮೇಲೇ ಇದ್ದವು, ಮಡಚಿದ್ದು ಮಡಚಿದ ಹಾಗೆ.

ಶಿವಲಿಂಗ ಗಡಿಯಾರವನ್ನು ತಿರುಗಿಸಿ ಮುರುಗಿಸಿ ನೋಡಿದ. ‘ಇದು ನಿಮ್ಮ ಅಂಗಡ್ಯಾಗಿಂದ ಅಲ್ಲೇನ್ರೀ? ಪಂಚನಾಮೆ ಮುಗದ ಹೋಗೈತಲ್ಲ. ಈಗ ಯಾರದು ಅಂತ ಬರೀಲಿ?’

ಗಡಿಯಾರದ ನಡುವಿನಿಂದ ಮುಖಂಡರು ನಗುತ್ತಲೇ ಇದ್ದರು, ಕೆಳಗೆ ದಪ್ಪ ಅಕ್ಷರದಲ್ಲಿ ಅವರ ಹೆಸರಿತ್ತು.

‘ವಾರಸುದಾರರು ಪತ್ತೆಯಾಗಿಲ್ಲ ಅಂತ ಬರ್ಕೊಳ್ರಿ’ ಎಂದೆ. ‘ನಾ ಇವತ್ತು ಒಂದು ಅಫಿಡವಿಟ್ಟಿಗೆ ಸಹಿ ಮಾಡೂದೈತಿ.’